ಹೊಳೆಸಾಲಿನ ಹೆಣ್ಣುಹೆಸರುಗಳು

ಮಗುವನ್ನು ತೊಟ್ಟಿಲಿಗೆ ಹಾಕುವ ದಿನ ಹೆಸರಿಡುವ ಹಕ್ಕು ನಮ್ಮ ಕಡೆ ಸೋದರತ್ತೆಯದು. ಆಕೆ ತೊಟ್ಟಿಲಿನ ಮೇಲೆ ಬಾಗಿ ಮಗುವಿನ ಕಿವಿಯಲ್ಲಿ 'ಕುರ್ರ್' ಎಂದು ಹೆಸರನ್ನು ಉಸುರುತ್ತಾಳೆ. ಅಷ್ಟರಲ್ಲಿ ಸುತ್ತ ನೆರೆದ ಹೆಂಗಳೆಯರು ಆಕೆಯ ಬೆನ್ನಿಗೆ ನಾಲ್ಕು ಗುದ್ದು ಹಾಕುತ್ತಾರೆ. ಗುದ್ದಿನ ಗದ್ದಲ, ನಗೆ, ಗುಗ್ಗರಿ ಹಂಚುವ ಸಡಗರ ಇವುಗಳ ನಡುವೆ ಒಂದು ಶಬ್ದ ಒಂದು ಜೀವಕ್ಕೆ ಅಂಟಿಕೊಂಡುಬಿಡುತ್ತದೆ. ಗಂಡುಮಗುವಿನ ಹೆಸರು ಮುಂದೆ ಪಹಣಿಯಲ್ಲಿ, ಕರಾರುಪತ್ರದಲ್ಲಿ, ಮಗನ ಹೆಸರಿನ ಹಿಂದಿನ ಅಕ್ಷರದಲ್ಲಿ ಉಳಿದುಕೊಳ್ಳುತ್ತದೆ. ಹೆಣ್ಣುಮಗುವಿನ ಹೆಸರಿಗೆ ಆ ಭಾಗ್ಯವಿಲ್ಲ. ನಿಮ್ಮ ಮುತ್ತಜ್ಜಿಯ ತಾಯಿಯ ಹೆಸರೇನೆಂದು ಮನೆಯಲ್ಲಿ ಕೇಳಿ ನೋಡಿ. ಎಂಬತ್ತು ದಾಟಿದ ಹಿರಿಯರೂ ತಡವರಿಸುತ್ತಾರೆ. ಆಕೆಯ ಗಂಡನ ಹೆಸರು ಮಾತ್ರ ಥಟ್ಟನೆ ನೆನಪಿಗೆ ಬರುತ್ತದೆ.

ಹೀಗೆ ಬೇಗ ಮರೆತುಹೋಗುವ ಹೆಸರುಗಳಲ್ಲಿ ಒಂದು ಸೀಮೆಯ ಚರಿತ್ರೆ ಎಷ್ಟು ಅಡಗಿದೆ ಎಂಬುದು ಇಂದಿನ ನನ್ನ ಮಾತಿನ ವಿಷಯ. ದಾವಣಗೆರೆ, ಹರಿಹರ, ಅವುಗಳ ಸುತ್ತಿನ ಹೊಳೆಸಾಲು ಇದಕ್ಕೆ ತಕ್ಕ ನೆಲ. ಏಕೆಂದರೆ ಇದು ಸಂಧಿಯ ನಾಡು. ಹರಿಹರದಲ್ಲಿ ತುಂಗಭದ್ರೆಯ ದಡದಲ್ಲಿ ನಿಂತರೆ ಈಚೆಯದು ಹಳೆಯ ಮೈಸೂರು; ಆಚೆಯ ರಾಣೆಬೆನ್ನೂರಿನ ಸೀಮೆ 1956ರವರೆಗೆ ಮುಂಬಯಿಗೆ ಸೇರಿತ್ತು. ಉತ್ತರಕ್ಕೆ ಸರಿದರೆ ಸಿಗುವ ಹರಪನಹಳ್ಳಿ 1953ರವರೆಗೆ ಮದರಾಸಿನ ಆಡಳಿತದಲ್ಲಿತ್ತು. ಮೂರು ಸರಕಾರಗಳು, ಒಂದೇ ಹೊಳೆ, ಒಂದೇ ಬೀಗತನ. ಹೆಣ್ಣು ಕೊಡುವವರು, ತರುವವರು ಯಾವ ಸರಕಾರದ ಗಡಿಯನ್ನೂ ಲೆಕ್ಕಕ್ಕಿಟ್ಟವರಲ್ಲ.

ಆದರೆ ಗಡಿ ಹೆಸರಿನ ಬಾಲದಲ್ಲಿ ಕಾಣುತ್ತಿತ್ತು. ಆಚೆ ದಡದಲ್ಲಿ ಹಾಲವ್ವ, ಗಂಗವ್ವ, ನೀಲವ್ವ. ಈಚೆ ದಡದಲ್ಲಿ ಹಾಲಮ್ಮ, ಗಂಗಮ್ಮ, ನೀಲಮ್ಮ. ಸಾರಥಿಯಂತಹ ಹೊಳೆದಂಡೆಯ ಹಳ್ಳಿಗಳಲ್ಲಿ ಒಂದೇ ಬೀದಿಯಲ್ಲಿ ಅವ್ವಂದಿರೂ ಅಮ್ಮಂದಿರೂ ಬೆರೆತಿರುವುದುಂಟು. ಜೊತೆಗೆ ಒಬ್ಬಿಬ್ಬರು ಅಕ್ಕಂದಿರು, ಬಾಯಿಯವರು. ತವರಿನಲ್ಲಿ ಹಾಲವ್ವನಾಗಿ ಬೆಳೆದವಳು ಹೊಳೆ ದಾಟಿ ಬಂದು ಅತ್ತೆಮನೆಯಲ್ಲಿ ಹಾಲಮ್ಮನಾಗುತ್ತಾಳೆ. ಅದರಿಂದ ಯಾರಿಗೂ ಕಷ್ಟವಿರಲಿಲ್ಲ, ಕಾಗದಗಳು ಹುಟ್ಟುವವರೆಗೆ. ಈಗ ಒಂದು ಚೀಟಿಯಲ್ಲಿ 'ವ್ವ', ಇನ್ನೊಂದರಲ್ಲಿ 'ಮ್ಮ' ಇದ್ದರೆ, ಎರಡೂ ಒಬ್ಬಳೇ ಎಂದು ಪ್ರಮಾಣಪತ್ರ ಮಾಡಿಸಿಕೊಂಡು ಬರಬೇಕು. ವೃದ್ಧಾಪ್ಯದ ಮಾಸಾಶನಕ್ಕಾಗಿ ಅಲೆಯುವ ಮುದುಕಿಗೆ ತನ್ನ ಹೆಸರಿನಲ್ಲಿಯೇ ಎರಡು ಪ್ರಾಂತಗಳಿವೆ ಎಂದು ಆಗ ತಿಳಿಯುತ್ತದೆ.

ಈ 'ಅವ್ವ'ನನ್ನು ಹಳ್ಳಿಗಾಡಿನ ಒರಟು ಮಾತೆಂದು ಪೇಟೆಯ ಹುಡುಗಿಯರು ನಾಚಿಕೊಳ್ಳುವುದನ್ನು ಕಾಣುತ್ತೇವೆ. ಶಾಸನಗಳನ್ನು ಓದಿದವರು ನಾಚಲಾರರು. ಹಳಗನ್ನಡದ 'ಅಬ್ಬೆ'ಯೇ 'ಅವ್ವೆ'ಯಾಗಿ 'ಅವ್ವ'ನಾದದ್ದು. ರನ್ನನಿಗೆ ಆಶ್ರಯ ಕೊಟ್ಟ, ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿ ಮಾಡಿಸಿ ಹಂಚಿದ ಅತ್ತಿಮಬ್ಬೆಯ ಹೆಸರಿನ ಬಾಲವೂ, ರಾಗಿ ಬೀಸುವ ಗಂಗವ್ವನ ಹೆಸರಿನ ಬಾಲವೂ ಒಂದೇ. ನಮಗೆ ನೆರೆಯದೇ ಆದ ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯ ಶಾಸನದಲ್ಲಿ ಜಕ್ಕಿಯಬ್ಬೆ ಬರುತ್ತಾಳೆ. ಹತ್ತನೆಯ ಶತಮಾನದ ಆದಿಭಾಗದಲ್ಲಿ, ಗಂಡ ಸತ್ತ ಮೇಲೆ ನಾಗರಖಂಡ ಎಪ್ಪತ್ತನ್ನು ಆಳಿದವಳು ಆಕೆ. ಜಕ್ಕಿ ಎಂದರೆ ಯಕ್ಷಿ. ಸಂಸ್ಕೃತದ ಯಕ್ಷಿಯನ್ನು ಕನ್ನಡಿಗರು ಜಕ್ಕಿ ಮಾಡಿಕೊಂಡು, ಅದಕ್ಕೆ ತಾಯಿಯೆಂಬ ಶಬ್ದವನ್ನು ಹಚ್ಚಿ, ನಾಡನ್ನಾಳುವ ಹೆಣ್ಣಿಗೆ ಇಟ್ಟರು. ರಾಣಿವಾಸದ ಹೆಸರುಗಳಿಗೆ ಇನ್ನೊಂದು ಬಾಲವಿತ್ತು: ಶಾಂತಲೆ, ಏಚಲೆ, ಕೇತಲೆ, ಪದ್ಮಲೆ. ಕಿವಿಗೆ ಎಷ್ಟು ಇಂಪಾಗಿದೆ! ಆ 'ಲೆ' ಏಕೆ ನಿಂತುಹೋಯಿತೋ, 'ಅವ್ವ' ಏಕೆ ಸಾವಿರ ವರ್ಷ ಬಾಳಿತೋ ಎಂದು ಯೋಚಿಸಿದರೆ, ಅರಮನೆಯ ಸೊಗಸಿಗಿಂತ ಹಟ್ಟಿಯ ಸಲುಗೆಗೆ ಆಯುಷ್ಯ ಹೆಚ್ಚೆಂದು ನನಗೆ ತೋರುತ್ತದೆ.

ಹೀಗೆ ಬಾಯಿಂದ ಬಾಯಿಗೆ ಉರುಳಿ ನುಣುಪಾದ ಹೆಸರುಗಳು ನಮ್ಮಲ್ಲಿ ಲೆಕ್ಕವಿಲ್ಲದಷ್ಟಿವೆ. ದಾವಣಗೆರೆಯ ನಗರದೇವತೆ ದುರ್ಗಾಂಬಿಕೆ. ಎರಡು ವರ್ಷಕ್ಕೊಮ್ಮೆ ಊರಿಗೆ ಊರೇ ನೆರೆಯುವ ಆಕೆಯ ಜಾತ್ರೆಗೆ ಜನ ಹೇಳುವುದು ದುಗ್ಗಮ್ಮನ ಜಾತ್ರೆ ಎಂದೇ. ದುರ್ಗೆ ಎಂದರೆ ಹೋಗಿ ಮುಟ್ಟಲಾಗದವಳು. ದುಗ್ಗಮ್ಮನಾದ ಕೂಡಲೇ ಆಕೆ ಮನೆಯ ಹಜಾರಕ್ಕೆ ಬಂದು ಕುಳಿತಳು. ಆಯ್ದಕ್ಕಿ ಲಕ್ಕಮ್ಮನ ಲಕ್ಕಿ ನಮ್ಮ ಲಕ್ಷ್ಮಿಯೇ, ಪಾರವ್ವ ಪಾರ್ವತಿ. ಚಿತ್ರದುರ್ಗದ ಓಬವ್ವನ ಒನಕೆಯ ಕಥೆ ಮಕ್ಕಳಿಗೂ ಗೊತ್ತು, ಹೆಸರಿನ ಕಥೆ ದೊಡ್ಡವರಿಗೂ ಗೊತ್ತಿಲ್ಲ. ಓಬ ಎಂಬುದು ಅಹೋಬಲದ ಚಿಕ್ಕ ರೂಪ. ಆಂಧ್ರದ ನಲ್ಲಮಲೆ ಬೆಟ್ಟಗಳ ಅಹೋಬಲ ಕ್ಷೇತ್ರದ ನರಸಿಂಹ, ದುರ್ಗದ ಪಾಳೆಯಪಟ್ಟಿನಲ್ಲಿ ಓಬಣ್ಣನೂ ಓಬಯ್ಯನೂ ಆದದ್ದಲ್ಲದೆ, ಕಾವಲುಗಾರನ ಹೆಂಡತಿಯ ಹೆಸರಿಗೂ ಇಳಿದ. ಕಂಬ ಒಡೆದು ಬಂದ ದೇವರ ಹೆಸರಿನವಳು ಕೋಟೆಯ ಕಿಂಡಿಯ ಬಳಿ ಕಾದು ನಿಂತದ್ದು ಕಾಕತಾಳೀಯವಾದರೂ ಸೊಗಸಾದ ಕಾಕತಾಳೀಯ.

ದೇವತೆಗಳ ಹೆಸರು ಹೆಣ್ಣಿಗೆ ಬರುವುದು ಸಹಜ. ಉಚ್ಚಂಗಿದುರ್ಗದ ದೇವಿಗೆ ಹರಕೆ ಹೊತ್ತು ಪಡೆದ ಮಗು ಉಚ್ಚಂಗೆಮ್ಮ. ಹೊಳೆಯಾಚೆ ಊರಮ್ಮನ ಹೆಸರು ಹೊತ್ತವಳು ದ್ಯಾಮವ್ವ. ನಮ್ಮ ಸೀಮೆಯ ವಿಶೇಷ ಬೇರೆ ಇದೆ. ಇಲ್ಲಿ ಗಂಡುದೇವರು, ಗಂಡುಶರಣರು ಕೂಡ ಹೆಣ್ಣಿನ ಹೆಸರಾಗುತ್ತಾರೆ. ಕೊಟ್ಟೂರಿನ ಕೊಟ್ಟೂರೇಶ್ವರನಿಂದ ಕೊಟ್ರಮ್ಮ, ಉಜ್ಜಿನಿಯ ಮರುಳಸಿದ್ಧನಿಂದ ಮರುಳಮ್ಮ, ಮೈಲಾರಲಿಂಗನಿಂದ ಮೈಲಮ್ಮ, ಹನುಮನಿಂದ ಹನುಮವ್ವ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯಿಂದ ತಿಪ್ಪಮ್ಮ. ಈ ಕೊನೆಯ ಹೆಸರನ್ನು ಕೇಳಿ ಹೊರಗಿನವರು ನಗುತ್ತಾರೆ. ಹುಟ್ಟಿದ ಮಕ್ಕಳು ನಿಲ್ಲದ ಮನೆಗಳಲ್ಲಿ ಹೊಸ ಕೂಸನ್ನು ತಿಪ್ಪೆಯ ಮೇಲೆ ಒಮ್ಮೆ ಮಲಗಿಸಿ ಎತ್ತಿಕೊಂಡು, ಸಾವಿನ ಕಣ್ಣಿಗೆ ಇದು ಬೇಡದ ವಸ್ತುವೆಂದು ತೋರಿಸಲು ತಿಪ್ಪವ್ವ, ಗುಂಡವ್ವ, ಕಲ್ಲವ್ವ ಎಂದು ಕರೆಯುತ್ತಿದ್ದದ್ದು ನಿಜ. ಆದರೆ ನಮ್ಮ ಕಡೆಯ ತಿಪ್ಪಮ್ಮಂದಿರಲ್ಲಿ ಬಹುಮಂದಿ ಆ ಸ್ವಾಮಿಯ ಒಕ್ಕಲಿನವರು. ಒಂದೇ ಶಬ್ದದಲ್ಲಿ ಒಬ್ಬ ತಾಯಿಯ ಭಯವೂ ಇನ್ನೊಬ್ಬ ತಾಯಿಯ ಭಕ್ತಿಯೂ ಇರಬಹುದು. ಯಾವುದೆಂದು ಆ ಮನೆಯವರನ್ನೇ ಕೇಳಬೇಕು.

ಹರಿಹರದಲ್ಲಿ ಆರೋಗ್ಯಮಾತೆಯ ಇಗರ್ಜಿಯಿದೆ. ಆ ತಾಯಿಯ ಹೆಸರಿನಲ್ಲಿ ಆರೋಗ್ಯಮ್ಮ ಎಂಬ ಹೆಣ್ಣುಮಕ್ಕಳಿದ್ದಾರೆ. ಕನ್ನಡ ಕ್ರೈಸ್ತರಲ್ಲಿ ಜಪಮಾಲೆ ಎಂಬ ಚೆಲುವಾದ ಹೆಸರೂ ಉಂಟು. ಅವರ ಅನ್ನಮ್ಮ ಮೇರಿಯ ತಾಯಿ ಅನ್ನಾಳ ಹೆಸರಿನವಳು, ಹೀಬ್ರೂ ಮೂಲದವಳು. ಬೆಂಗಳೂರಿನ ಗುಡಿಯ ಅಣ್ಣಮ್ಮನಿಗೂ ಆಕೆಗೂ ನಡುವೆ ಒಂದು ಅಕ್ಷರದ ಅಂತರ ಮಾತ್ರ. ಹರಿಹರದ ಮರಿಯಮ್ಮನೂ ಅಲ್ಲಿನ ಮುಸಲ್ಮಾನರ ಮನೆಯ ಮರಿಯಂಳೂ ಒಂದೇ ಹೆಸರನ್ನು ಹೊತ್ತವರೆಂಬುದನ್ನು ಹೇಳಬೇಕಾಗಿಲ್ಲ.

ಇಲ್ಲಿ ಸ್ವಲ್ಪ ದೂರದ ಒಂದು ದ್ವೀಪಕ್ಕೆ ಹೋಗಿ ಬರುವುದಕ್ಕೆ ಅಪ್ಪಣೆ ಬೇಡುತ್ತೇನೆ. ನಮ್ಮ ಶಾಲೆಗಳ ಹಾಜರಿ ಪುಸ್ತಕದಲ್ಲಿ ನಿವೇದಿತಾ ಎಂಬ ಹೆಸರನ್ನು ನೀವೆಲ್ಲ ಕಂಡಿದ್ದೀರಿ. ಈ ಹೆಸರು ಮನೆಮನೆಗೆ ಬರಲು ಕಾರಣಳಾದವಳು ಐರ್ಲೆಂಡಿನ ಹೆಣ್ಣುಮಗಳು. 1867ರಲ್ಲಿ ಅಲ್ಲಿನ ಡಂಗ್ಯಾನನ್ ಎಂಬ ಊರಿನಲ್ಲಿ ಹುಟ್ಟಿದ ಮಾರ್ಗರೆಟ್ ನೋಬಲ್‌ಳಿಗೆ 1898ರಲ್ಲಿ ಸ್ವಾಮಿ ವಿವೇಕಾನಂದರು ಇಟ್ಟ ಹೆಸರದು; ಅರ್ಪಿತಳಾದವಳು ಎಂದು ಅರ್ಥ. ಆಕೆಯ ನಾಡಿನ ಹೆಣ್ಣುಹೆಸರುಗಳನ್ನು ನೋಡಿದರೆ ನಮ್ಮ ಹೊಳೆಸಾಲಿನ ಬಂಧುಗಳನ್ನು ಕಂಡಂತಾಗುತ್ತದೆ. ಐರಿಷ್ ಜನರ ಅತಿ ಹಳೆಯ ಹೆಸರುಗಳಲ್ಲಿ ಬ್ರಿಜಿಡ್ ಒಂದು. ಮೊದಲು ದೇವತೆ, ಅನಂತರ ಕಿಲ್ಡೇರಿನ ಮಠದ ಸಂತಳು. ಎತ್ತರದವಳು, ಉನ್ನತೆ ಎಂಬ ಅರ್ಥದ ಆ ಶಬ್ದ ನಮ್ಮ ಸಂಸ್ಕೃತದ 'ಬೃಹತೀ' ಶಬ್ದದ ಒಡಹುಟ್ಟು ಎಂದು ಭಾಷಾಶಾಸ್ತ್ರಜ್ಞರು ತೋರಿಸಿಕೊಟ್ಟಿದ್ದಾರೆ. ಹಳೆಯ ಐರ್ಲೆಂಡಿನಲ್ಲಿ ಗಂಡಸರು 'ಮೇಲ್ ಬ್ರಿಗ್ಟೆ' ಎಂದು, ಅಂದರೆ ಬ್ರಿಜಿಡಳ ಸೇವಕ ಎಂದು, ಹೆಸರಿಟ್ಟುಕೊಳ್ಳುತ್ತಿದ್ದರು. ನಮ್ಮಲ್ಲಿ ಗಂಡುಶರಣನ ಹೆಸರಿಗೆ ಅಮ್ಮನನ್ನು ಸೇರಿಸಿ ಹೆಣ್ಣಿಗೆ ಇಟ್ಟರು. ಅಲ್ಲಿ ಹೆಣ್ಣುಸಂತಳ ಹೆಸರಿಗೆ ಸೇವಕನನ್ನು ಸೇರಿಸಿ ಗಂಡಿಗೆ ಇಟ್ಟರು. ಯೇಸುವಿನ ತಾಯಿಯ ಹೆಸರಿನ ಮಟ್ಟಿಗೆ ಅವರು ಇನ್ನೂ ಬಿಗಿ. 'ಮುಯಿರೆ' ಎಂಬ ರೂಪವನ್ನು ಆಕೆಯೊಬ್ಬಳಿಗೇ ಮೀಸಲಿಟ್ಟು, ಮನೆಯ ಮಕ್ಕಳಿಗೆ 'ಮಾಯಿರೆ' ಎಂಬ ಬೇರೆ ರೂಪವನ್ನು ಬಳಸಿದರು. ನಮಗೆ ಆ ಸಂಕೋಚವಿಲ್ಲ. ದೇವಿಯ ಹೆಸರಿಟ್ಟ ಮಗಳನ್ನು ಬೈಯುವಾಗಲೂ ಕೊನೆಯಲ್ಲಿ 'ಅಮ್ಮ' ಎಂದೇ ಮುಗಿಸಬೇಕಾಗುತ್ತದೆ, ಅಷ್ಟೆ.

ಆ ನಾಡಿನ ಓರ್ಲಾ ಎಂಬ ಹೆಸರನ್ನು ಬಿಡಿಸಿದರೆ ಹೊನ್ನಿನ ಅರಸಿ ಎಂದಾಗುತ್ತದೆ. ನಮ್ಮ ಹೊನ್ನಮ್ಮ! ಕಿಯಾರಾ ಎಂದರೆ ಕಪ್ಪಾದವಳು. ನಮ್ಮ ಕಾಳಮ್ಮ, ಕರಿಯಮ್ಮ. ಬೆಳ್ಗೊಳದ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನ ತಾಯಿ ಕಾಳಲದೇವಿ. ಕಪ್ಪು ಬಣ್ಣದ ಹೆಸರನ್ನು ಅಂದಿನ ದೊಡ್ಡ ಮನೆತನದವರು ಹೆಮ್ಮೆಯಿಂದ ಇಟ್ಟರು. ಇಂದು ವಧು ಬೇಕೆಂಬ ಜಾಹೀರಾತುಗಳನ್ನು ಓದುವಾಗ ಆ ಹೆಸರನ್ನು ನೆನೆದುಕೊಳ್ಳುವುದು ಒಳ್ಳೆಯದು.

ಬ್ರಿಜಿಡಳ ಕಥೆಗೆ ಇನ್ನೊಂದು ಅಧ್ಯಾಯವಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಹಸಿವಿಗೆ ನಾಡು ಬಿಟ್ಟ ಐರಿಷ್ ಹೆಣ್ಣುಮಕ್ಕಳು ಅಮೆರಿಕದ ಮನೆಗಳಲ್ಲಿ ಪಾತ್ರೆ ಬಟ್ಟೆಯ ಕೆಲಸಕ್ಕೆ ನಿಂತರು. ಅವರಲ್ಲಿ ಬ್ರಿಜೆಟ್‌ಗಳು ಎಷ್ಟಿದ್ದರೆಂದರೆ, ಆ ಹೆಸರೂ ಅದರ ಮೊಟಕು ರೂಪವಾದ 'ಬಿಡ್ಡಿ'ಯೂ ಕೆಲಸದವಳು ಎಂಬ ಅರ್ಥಕ್ಕೆ ಇಳಿದವು. ಉನ್ನತೆ ಎಂಬ ಅರ್ಥದ ಹೆಸರಿನ ಗತಿ ಅದು. 2023ರಿಂದ ಐರ್ಲೆಂಡಿನ ಸರಕಾರ ಸಂತ ಬ್ರಿಜಿಡಳ ಹೆಸರಿನಲ್ಲಿ ಸಾರ್ವಜನಿಕ ರಜೆ ಕೊಡುತ್ತಿದೆ. ನಮ್ಮ ಚಲನಚಿತ್ರಗಳೂ ನಾಟಕಗಳೂ ಮನೆಗೆಲಸದ ಹೆಂಗಸಿಗೆ ಯಾವ ಹೆಸರುಗಳನ್ನು ಇಡುತ್ತ ಬಂದಿವೆ ಎಂಬುದನ್ನು ನೀವೇ ನೆನಪಿಸಿಕೊಳ್ಳಿ. ನಿಂಗಿ, ಲಕ್ಕಿ, ಚೆನ್ನಿ. ಲಕ್ಕಿ ಲಕ್ಷ್ಮಿಯೆಂಬುದನ್ನೂ, ಚೆನ್ನಿಯ ಹೆಸರಿನಲ್ಲಿಯೇ ಕೆಳದಿಯನ್ನೂ ಕಿತ್ತೂರನ್ನೂ ಆಳಿದ ಇಬ್ಬರು ರಾಣಿಯರಿದ್ದರೆಂಬುದನ್ನೂ ನಗುವ ಪ್ರೇಕ್ಷಕ ಮರೆತಿರುತ್ತಾನೆ.

ಇಷ್ಟು ಹೊತ್ತು ಹಗುರವಾಗಿಯೇ ಮಾತಾಡಿದೆ. ಈಗ ಹಗುರವಲ್ಲದ ಒಂದು ಹೆಸರಿಗೆ ಬರಬೇಕು. ಸಾಕಮ್ಮ. ಸಾಲಾಗಿ ಹೆಣ್ಣುಮಕ್ಕಳೇ ಹುಟ್ಟಿದ ಮನೆಯಲ್ಲಿ ಮತ್ತೊಂದು ಹೆಣ್ಣು ಬಂದಾಗ, ಇನ್ನು ಸಾಕು ತಾಯೇ ಎಂದು ದೇವರಿಗೆ ಸಲ್ಲಿಸಿದ ಅರ್ಜಿಯೇ ಆ ಮಗುವಿನ ಹೆಸರಾಗುತ್ತಿತ್ತು. ಅರ್ಜಿ ದೇವರಿಗೆ, ಅದನ್ನು ಹೊತ್ತು ತಿರುಗಬೇಕಾದವಳು ಮಗಳು. ಯಾರು ಕೂಗಿ ಕರೆದರೂ, ಶಾಲೆಯಲ್ಲಿ ಮೇಷ್ಟರು ಹಾಜರಿ ಹಾಕಿದರೂ, ಮದುವೆಯ ಕರೆಯೋಲೆಯಲ್ಲಿ ಅಚ್ಚಾದರೂ ಆ ಶಬ್ದ ಹೇಳುವುದು ಒಂದೇ ಮಾತನ್ನು: ನೀನು ಬೇಕಾಗಿರಲಿಲ್ಲ. ಇದು ನಮ್ಮೊಬ್ಬರ ಪಾಪವಲ್ಲ. ಮಹಾರಾಷ್ಟ್ರದಲ್ಲಿ ಇಂಥ ಮಕ್ಕಳಿಗೆ 'ನಕುಶಾ', ಬೇಡವಾದವಳು, ಎಂದೇ ಹೆಸರಿಡುತ್ತಿದ್ದರು. 2011ರ ಅಕ್ಟೋಬರಿನಲ್ಲಿ ಸಾತಾರಾ ಜಿಲ್ಲೆಯ ಆಡಳಿತ ಅಂಥ 280ಕ್ಕೂ ಹೆಚ್ಚು ಹುಡುಗಿಯರನ್ನು ಒಂದೆಡೆ ಸೇರಿಸಿ, ಅವರವರು ಆರಿಸಿಕೊಂಡ ಹೊಸ ಹೆಸರಿನ ಪ್ರಮಾಣಪತ್ರ ಕೊಟ್ಟಿತು. ಐಶ್ವರ್ಯಾ, ಸಾವಿತ್ರಿ, ವೈಶಾಲಿ ಮುಂತಾಗಿ ಅವರು ಆರಿಸಿಕೊಂಡರು. ತನ್ನ ಹೆಸರನ್ನು ತಾನೇ ಇಟ್ಟುಕೊಳ್ಳುವ ಭಾಗ್ಯ ಎಷ್ಟು ಜನರಿಗೆ ಬರುತ್ತದೆ?

ಸಾಕಮ್ಮಂದಿರು ಅಂಥ ಸಮಾರಂಭಕ್ಕೆ ಕಾಯಲಿಲ್ಲ. ಕನ್ನಡದ ಸೊಬಗು ನೋಡಿ, 'ಸಾಕು' ಎಂಬ ಶಬ್ದಕ್ಕೆ ಎರಡು ಅರ್ಥ. ಒಂದು, ಇನ್ನು ಬೇಡ. ಇನ್ನೊಂದು, ಪೊರೆ, ಸಲಹು. ಇಟ್ಟವರು ಮೊದಲಿನ ಅರ್ಥದಲ್ಲಿ ಇಟ್ಟರು. ಬಾಳಿದವರು ಎರಡನೆಯ ಅರ್ಥದಲ್ಲಿ ಬಾಳಿದರು. ಬೆಂಗಳೂರಿನಲ್ಲಿ ಕಳೆದ ಶತಮಾನದ ಪೂರ್ವಾರ್ಧದಲ್ಲಿ ಕಾಫಿ ಪುಡಿಯ ಉದ್ಯಮವನ್ನು ಕಟ್ಟಿ ಹೆಸರಾದ ಸಾಕಮ್ಮನವರನ್ನು ಹಿರಿಯರು ಬಲ್ಲರು. ಮೈಸೂರಿನ ಪ್ರಜಾಪ್ರತಿನಿಧಿ ಸಭೆಯಲ್ಲಿಯೂ ಆಕೆ ಕುಳಿತಿದ್ದರು. ಬಸವನಗುಡಿಯ ಬಳಿಯ ಬಡಾವಣೆಯೊಂದು ಇಂದಿಗೂ ಸಾಕಮ್ಮ ಗಾರ್ಡನ್. ಅಂಗಡಿಯಲ್ಲಿ ನಿಂತು 'ಸಾಕಮ್ಮನ ಕಾಫಿ ಪುಡಿ ಬೇಕು' ಎಂದು ಕೇಳಿದ ಗಿರಾಕಿಗಳು ತಾವು ಸಾಕು, ಬೇಕು ಎರಡನ್ನೂ ಒಂದೇ ವಾಕ್ಯದಲ್ಲಿ ಸೇರಿಸುತ್ತಿದ್ದೇವೆಂದು ಯೋಚಿಸಿರಲಾರರು. ಹೆಣ್ಣನ್ನು ಹಳಿಯುವವರನ್ನು ನೇರವಾಗಿ ತರಾಟೆಗೆ ತೆಗೆದುಕೊಂಡ ಮೊದಲ ಕನ್ನಡ ಕವಯಿತ್ರಿಯರಲ್ಲಿ ಒಬ್ಬಳು ಚಿಕದೇವರಾಯರ ಕಾಲದ ಸಂಚಿಯ ಹೊನ್ನಮ್ಮ. ರಾಣಿಗೆ ಎಲೆಯಡಿಕೆಯ ಸಂಚಿ ಹಿಡಿಯುವ ಊಳಿಗದವಳು. ಆಕೆಯ ತಂದೆತಾಯಿ ಮಗಳನ್ನು ಹೊನ್ನೆಂದು ಕರೆದರು; ಹೆಸರಿಗೆ ತಕ್ಕ ಮಾತು ಅವಳಿಂದ ಬಂತು.

ಹೆಸರು ನೀರಿನಲ್ಲಿ ಉಳಿದ ಹೆಣ್ಣುಮಕ್ಕಳೂ ಇದ್ದಾರೆ. ಹರಿಹರದಲ್ಲಿ ತುಂಗಭದ್ರೆಯನ್ನು ಸೇರುವ ಹರಿದ್ರಾ ಹಳ್ಳ ಹೊರಡುವುದು ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯಿಂದ. ಆ ಕೆರೆಯನ್ನು ಕಟ್ಟಿಸಿದವಳು ಶಾಂತವ್ವ ಎಂಬ ಅರಸುಮಗಳೆಂದು ಐತಿಹ್ಯ. ಕೆರೆಗೆ ಬೇಕಾದ ನೆಲ ಸೂಳೆಯರದಾಗಿತ್ತು, ಕೆರೆಗೆ ತಮ್ಮ ಹೆಸರು ಬರಬೇಕೆಂಬ ಕರಾರಿನ ಮೇಲೆ ಅವರು ಅದನ್ನು ಬಿಟ್ಟುಕೊಟ್ಟರು ಎಂದು ಒಂದು ಪಾಠ ಹೇಳುತ್ತದೆ. ಮರ್ಯಾದಸ್ಥರಿಗೆ ಆ ಹೆಸರು ಹಿಡಿಸಲಿಲ್ಲ. ಕಾಗದದಲ್ಲಿ ಶಾಂತಿಸಾಗರ ಎಂದಾಯಿತು. ಜನರ ಬಾಯಲ್ಲಿ ಸೂಳೆಕೆರೆಯೇ ನಿಂತಿದೆ. ಮಾತಿಗೆ ತಪ್ಪದ ಶಾಂತವ್ವನ ಪರವಾಗಿ ಜನ ಇಂದಿಗೂ ಆ ಕರಾರನ್ನು ಪಾಲಿಸುತ್ತಿದ್ದಾರೆ ಎಂದು ನಾನು ತಿಳಿಯುತ್ತೇನೆ. 'ಕೆರೆಗೆ ಹಾರ' ಕಥನಗೀತದ ಕಿರಿಯ ಸೊಸೆಯ ಹೆಸರು ಭಾಗೀರಥಿ. ಭಗೀರಥ ತಪಸ್ಸು ಮಾಡಿ ಇಳಿಸಿದ ಗಂಗೆಯ ಹೆಸರು ಅದು. ನೀರಿಲ್ಲದ ಕೆರೆಗೆ ಬಲಿ ಬೇಕೆಂದಾಗ ಮನೆಯ ಗಂಡಸರು ಆರಿಸಿದ್ದು ಆ ಹೆಸರಿನವಳನ್ನೇ. ತವರಿನವರು ಹರಸಿ ಇಟ್ಟ ಹೆಸರು ಅತ್ತೆಮನೆಯಲ್ಲಿ ತೀರ್ಪಾಯಿತು. ಆ ಗೀತವನ್ನು ಕಟ್ಟಿದ ಹೆಸರಿಲ್ಲದ ಕವಿ ಬೇರೊಂದು ಹೆಸರನ್ನು ಬಳಸಿದ್ದರೆ ಕಥೆ ನಡೆಯುತ್ತಿತ್ತು, ಎದೆಗೆ ಇಷ್ಟು ಬಡಿಯುತ್ತಿರಲಿಲ್ಲ.

ಮದುವೆಯಲ್ಲಿ ಸೊಸೆಯ ಹೆಸರನ್ನೇ ಬದಲಿಸುವ ಪದ್ಧತಿ ಹೊಳೆಯಾಚೆಯ ಕೆಲವು ಮನೆತನಗಳಲ್ಲಿ ಬಹುಕಾಲ ಇತ್ತು. ತಟ್ಟೆಯಲ್ಲಿ ಅಕ್ಕಿ ಹರಡಿ, ಉಂಗುರದಿಂದ ಹೊಸ ಹೆಸರನ್ನು ಗಂಡ ಬರೆಯುತ್ತಾನೆ. ಅಕ್ಕಿಯ ಮೇಲಿನ ಅಕ್ಷರ ಒಂದು ಗಳಿಗೆಯಲ್ಲಿ ಅಳಿಸಿಹೋಗುತ್ತದೆ. ಅದು ಅಳಿಸಿದ ಹೆಸರು ಮಾತ್ರ ಮತ್ತೆ ಬರೆಯಲ್ಪಡುವುದಿಲ್ಲ. ತವರಿನಿಂದ ಬಂದ ಅಣ್ಣ ಹಳೆಯ ಹೆಸರು ಹಿಡಿದು ಕರೆದಾಗ ತಟ್ಟನೆ ತಿರುಗಿ ನೋಡುವ ಮುದುಕಿಯರನ್ನು ಬಲ್ಲವರು ಈ ಪದ್ಧತಿಯ ಪರವಾಗಿ ವಾದಿಸಲಾರರು.

ಇಂದಿನ ಹೆಸರುಗಳ ಬಗ್ಗೆ ನನಗೆ ದೂರಿಲ್ಲ. ಕಾದಂಬರಿಗಳು, ಸಿನಿಮಾಗಳು, ಈಗ ಮೊಬೈಲಿನ ಪಟ್ಟಿಗಳು ತಂದ ಅನನ್ಯ, ಆದ್ಯ, ಸಾನ್ವಿಗಳಲ್ಲಿ ನಯವಿದೆ. 'ಸಾಕು' ಎನ್ನುವ ಒಂದು ಹೆಸರೂ ಅವುಗಳಲ್ಲಿಲ್ಲ ಎಂಬುದೇ ಒಂದು ದೊಡ್ಡ ಗೆಲವು. ಕೊರತೆ ಇರುವುದು ಇನ್ನೊಂದು ಕಡೆ. ಆ ಹೆಸರನ್ನು ಕೇಳಿ ಹುಡುಗಿ ಯಾವ ಹೊಳೆಯ ದಡದವಳು, ಯಾವ ಬೆಟ್ಟದ ದೇವರ ಒಕ್ಕಲು ಎಂದು ಹೇಳಲಾಗುವುದಿಲ್ಲ. ಕೊಟ್ರಮ್ಮ ಎಂದ ಕೂಡಲೆ ಒಂದು ರಥ, ಒಂದು ಜಾತ್ರೆ, ಬರಿಗಾಲಲ್ಲಿ ನಡೆದ ಹಾದಿ ಕಣ್ಣೆದುರು ಬರುತ್ತಿತ್ತು. ಹೆಸರುಗಳ ಶಾಸ್ತ್ರವನ್ನು ಕನ್ನಡದಲ್ಲಿ ಡಾ. ಎಂ. ಎಂ. ಕಲಬುರ್ಗಿಯವರಂಥ ವಿದ್ವಾಂಸರು ಆಸ್ಥೆಯಿಂದ ಬೆಳೆಸಿದ್ದಾರೆ. ಆದರೆ ನಿಮ್ಮ ಅಜ್ಜಿಗೆ ಆ ಹೆಸರೇ ಏಕೆ ಬಂತೆಂಬುದು ಯಾವ ಗ್ರಂಥದಲ್ಲಿಯೂ ಸಿಗುವುದಿಲ್ಲ. ಅದು ತಿಳಿದಿರುವುದು ಆಕೆಗೆ, ಇಲ್ಲವೇ ಬದುಕಿದ್ದರೆ ಆಕೆಯ ಸೋದರತ್ತೆಗೆ.

ದಾವಣಗೆರೆಯ ಕಡೆ ಈಗ ಕೆಲವು ಮನೆಗಳಲ್ಲಿ ತೊಟ್ಟಿಲ ದಿನ ಎರಡು ಹೆಸರು ಕರೆಯುತ್ತಾರೆ. ಸೋದರತ್ತೆ ಮೊದಲು ಅಜ್ಜಿಯ ಹೆಸರನ್ನು, ದುಗ್ಗಮ್ಮ ಎಂದೋ ಹಾಲಮ್ಮ ಎಂದೋ, ಮಗುವಿನ ಕಿವಿಯ ಬಳಿ ಮೆಲ್ಲಗೆ ಹೇಳುತ್ತಾಳೆ; ಆಮೇಲೆ ಬರೆಸಬೇಕಾದ ಹೆಸರನ್ನು ಎಲ್ಲರಿಗೂ ಕೇಳುವಂತೆ ಹೇಳುತ್ತಾಳೆ. ಗುದ್ದು ಎರಡಕ್ಕೂ ಬೀಳುತ್ತದೆ.